ಡ್ರೈವರ್‌ನಲ್ಲಿ ಫ್ರೇಮ್ ಸೈಜ್ ಎಚ್ಚರಿಕೆ ಬಂದರೆ ಮಿತಿ ಏರಿಸಬಹುದೇ?

ಪ್ರಶ್ನೆ: ಲಿನಕ್ಸ್‌ಗೆ ಒಂದು ಡ್ರೈವರ್ ಬರೆಯುತ್ತಿದ್ದೇನೆ. ಒಂದು ಫಂಕ್ಷನ್‌ನ ಫ್ರೇಮ್ (ಅದು ಸ್ಟ್ಯಾಕ್‌ನಲ್ಲಿ ಹಿಡಿಯುವ ಜಾಗ) 2128 ಬೈಟ್ ಆಗಿದೆ, 2048ರ ಮಿತಿ ದಾಟಿದೆ ಎಂದು ಕಂಪೈಲರ್ ಎಚ್ಚರಿಸುತ್ತಿದೆ. ಡ್ರೈವರ್ ಚೆನ್ನಾಗಿಯೇ ಓಡುತ್ತಿದೆ. ಬರೀ 80 ಬೈಟ್ ತಾನೆ, ಕಾನ್ಫಿಗ್‌ನಲ್ಲಿ ಮಿತಿಯನ್ನೇ ಏರಿಸಿಬಿಡಲೇ?

ಉತ್ತರ: ದಯವಿಟ್ಟು ಏರಿಸಬೇಡಿ. 64 ಬಿಟ್ ಎಕ್ಸ್86ನಲ್ಲಿ ಒಂದು ಥ್ರೆಡ್‌ಗೆ ಕರ್ನಲ್ (ಲಿನಕ್ಸ್‌ನ ತಿರುಳು) ಕೊಡುವ ಸ್ಟ್ಯಾಕ್, ಅಂದರೆ ಫಂಕ್ಷನ್‌ಗಳು ಓಡುವಾಗ ತಮ್ಮ ಲೋಕಲ್ ವೇರಿಯಬಲ್‌ಗಳನ್ನು ಇಡುವ ಮೆಮೊರಿ, 16 ಕೆಬಿ ಮಾತ್ರ. ಸಾಮಾನ್ಯ ಪ್ರೋಗ್ರಾಮಿನ ಸ್ಟ್ಯಾಕ್ ಒಂದು ದೊಡ್ಡ ಮಿತಿಯವರೆಗೆ ಬೇಕಾದ ಹಾಗೆ ಬೆಳೆಯುತ್ತದೆ, ಇದು ಬೆಳೆಯುವುದಿಲ್ಲ. ಈ 16 ಕೆಬಿ ಪೂರ್ತಿ ನಿಮ್ಮದೂ ಅಲ್ಲ. ಸಿಸ್ಟಮ್ ಕಾಲ್, ಫೈಲ್ ಸಿಸ್ಟಮ್, ಬ್ಲಾಕ್ ಲೇಯರ್ ಎಲ್ಲವೂ ತಮ್ಮ ತಮ್ಮ ಪಾಲು ತೆಗೆದುಕೊಂಡ ಮೇಲೆ ನಿಮ್ಮ ಫಂಕ್ಷನ್‌ನ ಸರದಿ. ನೀವು ಕರೆಯುವ ಫಂಕ್ಷನ್‌ಗಳಿಗೆ ಅದರ ಮೇಲೂ ಜಾಗ ಬೇಕು. 2014ರ 3.15 ಆವೃತ್ತಿ ಬರುವವರೆಗೆ ಸ್ಟ್ಯಾಕ್ 8 ಕೆಬಿ ಇತ್ತು. ಮೆಮೊರಿ ಸಾಲದೆ ಸ್ವಾಪ್‌ಗೆ (ಮೆಮೊರಿಗೆ ಬದಲಾಗಿ ಬಳಸುವ ಡಿಸ್ಕ್ ಜಾಗ) ಬರೆಯಲು ಹೊರಟ ಉದ್ದನೆಯ ಕರೆಗಳ ಸರಣಿಯೊಂದು ಆ 8 ಕೆಬಿಯನ್ನು ಮೀರಿದ್ದರಿಂದಲೇ ಅದು ದುಪ್ಪಟ್ಟಾಯಿತು. ನಿಮ್ಮ ಮೇಜಿನ ಮೇಲಿನ ಪರೀಕ್ಷೆಯಲ್ಲಿ ಇಂಥ ಒತ್ತಡ ಬರುವುದೇ ಇಲ್ಲ, ಹಾಗಾಗಿ ಎಲ್ಲ ಸರಿಯಿದೆ ಅನಿಸುತ್ತದೆ.

ಸ್ಟ್ಯಾಕ್ ಮೀರಿದರೆ ಏನಾಗುತ್ತದೆ ಎಂಬುದು ಕಾನ್ಫಿಗ್ ಮೇಲೆ ನಿಂತಿದೆ. ವಿಮ್ಯಾಪ್ ಸ್ಟ್ಯಾಕ್ (ಸ್ಟ್ಯಾಕ್ ಅಂಚಿಗೆ ಕಾವಲು ಇಡುವ ಕಾನ್ಫಿಗ್ ಆಯ್ಕೆ) ಆನ್ ಇದ್ದರೆ ಅಂಚಿನ ಗಾರ್ಡ್ ಪೇಜ್, ಅಂದರೆ ಮುಟ್ಟಬಾರದ ಕಾವಲು ಪುಟ, ಮುಟ್ಟಿದ ಕೂಡಲೇ ಕರ್ನಲ್ ದೂರು ಕೊಟ್ಟು ನಿಲ್ಲುತ್ತದೆ. ಇಲ್ಲದಿದ್ದರೆ ಪಕ್ಕದ ಮೆಮೊರಿ ಸದ್ದಿಲ್ಲದೆ ಹಾಳಾಗಿ, ಸಂಬಂಧವೇ ಇಲ್ಲದ ಇನ್ನೆಲ್ಲೋ ಕ್ರ್ಯಾಶ್ ಆಗುತ್ತದೆ. ಅದನ್ನು ಹುಡುಕುವುದು ನಿಜಕ್ಕೂ ಪ್ರಾಣಸಂಕಟ.

ನಿಮ್ಮ ಲೆಕ್ಕ ನೋಡಿದರೆ ಫಂಕ್ಷನ್ ಒಳಗೆ 2048 ಬೈಟಿನ ಬಫರ್ ಅರೇ ಒಂದಿರಬೇಕು. ಅದನ್ನು ಕೆಮ್ಯಾಲಕ್‌ಗೆ (ಸ್ಟ್ಯಾಕ್‌ನ ಹೊರಗೆ ಮೆಮೊರಿ ಕೊಡುವ ಕರ್ನಲ್ ಫಂಕ್ಷನ್) ಸಾಗಿಸಿ. ಎಡವುವುದು ಇಲ್ಲೇ. ಮೊದಲು ಅರೇ ಆಗಿದ್ದದ್ದು ಈಗ ಪಾಯಿಂಟರ್. ಆದ್ದರಿಂದ ಅಳತೆ ಹೇಳುವ ಸೈಜ್‌ಆಫ್ 2048ರ ಬದಲು 8 ಕೊಡುತ್ತದೆ. ಮೆಮ್‌ಸೆಟ್ 8 ಬೈಟ್ ಮಾತ್ರ ಅಳಿಸುತ್ತದೆ, ರೀಡ್ 8 ಬೈಟ್ ಮಾತ್ರ ಓದುತ್ತದೆ, ಮೆಮ್‌ಸೆಟ್‌ನ ತಪ್ಪಿಗೆ ಕಂಪೈಲರ್ ಎಚ್ಚರಿಸಬಹುದು, ಉಳಿದ ಕಡೆ ಸುಮ್ಮನಿರುವುದೇ ಹೆಚ್ಚು. ಆ ಹೆಸರಿರುವ ಪ್ರತಿಯೊಂದು ಸಾಲನ್ನೂ ಹುಡುಕಿ, ಅಳತೆಗೊಂದು ಮ್ಯಾಕ್ರೋ ಇಟ್ಟು ಬದಲಾಯಿಸಿ. ಅರೇಯನ್ನು ಸೊನ್ನೆಯಿಂದ ತುಂಬಿಸಿ ಶುರು ಮಾಡಿದ್ದರೆ ಸೊನ್ನೆ ತುಂಬಿಸಿಯೇ ಕೊಡುವ ಕೆಜ಼ಡ್‌ಅಲಕ್ ಬಳಸಿ. ತಪ್ಪಾದಾಗ ನಡುವೆಯೇ ರಿಟರ್ನ್ ಆಗುವ ದಾರಿಗಳಲ್ಲೂ ಮೆಮೊರಿ ಹಿಂತಿರುಗಿಸುವ ಕೆಫ್ರೀ ಆಗಲೇಬೇಕು. ಸ್ಪಿನ್‌ಲಾಕ್ (ನಿದ್ದೆ ಮಾಡದೆ ಕಾಯುವ ಬೀಗ) ಹಿಡಿದಿರುವಾಗ ಅಥವಾ ಇಂಟರಪ್ಟ್ ಒಳಗೆ ಕೆಮ್ಯಾಲಕ್‌ಗೆ ಜಿಎಫ್‌ಪಿ ಕರ್ನಲ್ ಫ್ಲ್ಯಾಗ್ ಕೊಡುವುದು ಸಲ್ಲದು, ಆ ಕರೆ ನಿದ್ದೆಗೆ ಹೋಗಬಹುದು.

ಫಂಕ್ಷನ್ ಪದೇಪದೇ ಓಡುವುದಾದರೆ ಪ್ರೋಬ್‌ನಲ್ಲೇ (ಡಿವೈಸ್ ಸಿಕ್ಕಾಗ ಕರ್ನಲ್ ಕರೆಯುವ ಫಂಕ್ಷನ್) ಒಮ್ಮೆ ಜಾಗ ಪಡೆದು, ಡಿವೈಸ್‌ನ ಪ್ರೈವೇಟ್ ಸ್ಟ್ರಕ್ಟ್‌ನಲ್ಲಿ ಪಾಯಿಂಟರ್ ಇಡುವುದು ನಮಗೆ ಹೆಚ್ಚು ಮೆಚ್ಚಿಗೆ. ಆದರೆ ಇಬ್ಬರು ಒಟ್ಟಿಗೆ ಬಂದರೆ ಒಂದೇ ಬಫರ್ ಇಬ್ಬರಿಗೂ ಸಿಗುತ್ತದೆ, ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರನ್ನೇ ಬಿಡುವ ಬೀಗ) ಬೇಕೇ ಬೇಕು. ಬಫರ್ ಮುಂದೆ ಸ್ಟ್ಯಾಟಿಕ್ ಎಂದು ಬರೆದು ಪಾರಾಗುವವರೂ ಇದ್ದಾರೆ. ಆಗ ಎರಡು ಬೇರೆ ಬೇರೆ ಡಿವೈಸ್‌ಗಳೂ ಒಂದೇ ಬಫರನ್ನು ತುಳಿಯುತ್ತವೆ.

ಸ್ಟ್ಯಾಟಿಕ್ ಸರಿಹೊಂದುವ ಒಂದು ಜಾಗವಿದೆ: ಬದಲಾಗದ ಕೋಷ್ಟಕಗಳು. ಡಿಸ್‌ಪ್ಲೇ ಪ್ಯಾನೆಲ್‌ಗೆ ಕಳಿಸುವ ರಿಜಿಸ್ಟರ್ ಬೆಲೆಗಳ ಉದ್ದ ಪಟ್ಟಿಯನ್ನು ಫಂಕ್ಷನ್ ಒಳಗೆ ಬರೀ ಕಾನ್ಸ್ಟ್ ಎಂದು ಬರೆದರೆ, ಪ್ರತಿ ಕರೆಯಲ್ಲೂ ಪೂರ್ತಿ ಪಟ್ಟಿ ಸ್ಟ್ಯಾಕ್‌ಗೆ ನಕಲಾಗಬಹುದು. ಸ್ಟ್ಯಾಟಿಕ್ ಕಾನ್ಸ್ಟ್ ಎಂದರೆ ಅದು ಓದಲು ಮಾತ್ರವಿರುವ ಭಾಗದಲ್ಲಿ ಒಂದೇ ಪ್ರತಿಯಾಗಿ ಕೂರುತ್ತದೆ. ಒಂದು ಪದದ ಬದಲಾವಣೆ ಅಷ್ಟೆ.

ಎಚ್ಚರಿಕೆ ಹೇಳಿದ ಫಂಕ್ಷನ್‌ನಲ್ಲಿ ದೊಡ್ಡ ಬಫರೇ ಕಾಣದಿದ್ದರೆ ಇನ್‌ಲೈನಿಂಗ್ ಮೇಲೆ ಅನುಮಾನಪಡಿ. ಒಂದೇ ಕಡೆ ಕರೆಯಲ್ಪಡುವ ಸ್ಟ್ಯಾಟಿಕ್ ಸಹಾಯಕ ಫಂಕ್ಷನ್ ಕರೆದವರ ಒಳಗೇ ಸೇರಿಹೋಗುತ್ತದೆ, ಅದರ ಬಫರ್ ಕೊನೆಯವರೆಗೂ ಜಾಗ ಹಿಡಿದಿರುತ್ತದೆ. ಅದಕ್ಕೆ ನೋಇನ್‌ಲೈನ್ ಫಾರ್ ಸ್ಟ್ಯಾಕ್ ಎಂಬ ಗುರುತು ಹಾಕಿದರೆ ಕೆಲಸ ಮುಗಿದ ಕೂಡಲೇ ಜಾಗ ಬಿಡುಗಡೆ. ಆದರೆ ಆಳದ ಕರೆಗಳು ಆ ಸಹಾಯಕದ ಒಳಗಿಂದಲೇ ಹೋಗುತ್ತಿದ್ದರೆ ಎಚ್ಚರಿಕೆ ಮಾಯವಾಗುತ್ತದೆಯೇ ಹೊರತು ಸ್ಟ್ಯಾಕ್ ಉಳಿತಾಯವಾಗುವುದಿಲ್ಲ.

ಡಿಎಂಎಗೆ (ಹಾರ್ಡ್‌ವೇರ್ ತಾನೇ ನೇರವಾಗಿ ಮೆಮೊರಿ ಓದಿ ಬರೆಯುವುದು) ಕೊಡುವ ಬಫರ್ ಚಿಕ್ಕದಿದ್ದರೂ ಸ್ಟ್ಯಾಕ್ ಮೇಲೆ ಇರಕೂಡದು. 4 ಬೈಟ್ ಓದಲು ಯುಎಸ್‌ಬಿ ಕಂಟ್ರೋಲ್ ಮೆಸೇಜ್‌ಗೆ ಲೋಕಲ್ ವೇರಿಯಬಲ್‌ನ ವಿಳಾಸ ಕೊಟ್ಟ ಹಳೆಯ ಡ್ರೈವರ್‌ಗಳು ವಿಮ್ಯಾಪ್ ಸ್ಟ್ಯಾಕ್ ಬಂದ ಮೇಲೆ ಕೆಲಸ ನಿಲ್ಲಿಸಿದವು.

ತಿದ್ದಿದ ಮೇಲೆ ಅಳೆದು ನೋಡಿ. ಕರ್ನಲ್ ಮೂಲದಲ್ಲಿ ಮೇಕ್ ಚೆಕ್‌ಸ್ಟ್ಯಾಕ್ ಓಡಿಸಿದರೆ ಯಾವ ಫಂಕ್ಷನ್ ಎಷ್ಟು ತಿನ್ನುತ್ತದೆ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ ಬರುತ್ತದೆ. ಓಡುವಾಗಿನ ನಿಜವಾದ ಆಳ ಬೇಕೆಂದರೆ ಸ್ಟ್ಯಾಕ್ ಟ್ರೇಸರ್ ಆನ್ ಮಾಡಿ, ಮೆಮೊರಿಗೆ ಒತ್ತಡ ಹಾಕಿ ಡ್ರೈವರ್ ಓಡಿಸಿ. ಟ್ರೇಸಿಂಗ್ ಡೈರೆಕ್ಟರಿಯ ಸ್ಟ್ಯಾಕ್ ಮ್ಯಾಕ್ಸ್ ಸೈಜ್ ಫೈಲ್‌ನಲ್ಲಿ ಗರಿಷ್ಠ ಆಳ, ಪಕ್ಕದ ಸ್ಟ್ಯಾಕ್ ಟ್ರೇಸ್ ಫೈಲ್‌ನಲ್ಲಿ ಒಂದೊಂದು ಫಂಕ್ಷನ್‌ನ ಪಾಲು ಸಿಗುತ್ತದೆ.