ಜಾಮ್ ಆದ ಸೈಲೆನ್ಸರ್ ಬೋಲ್ಟಿನೊಳಗೆ ಏನಾಗಿರುತ್ತದೆ?

10 ಮಿಲಿಮೀಟರ್ ಬೋಲ್ಟಿಗೂ ಅದರ ನಟ್ಟಿಗೂ ನಡುವೆ ತಯಾರಕರು ಬೇಕೆಂದೇ ಒಂಚೂರು ಜಾಗ ಬಿಟ್ಟಿರುತ್ತಾರೆ. ಮಾಮೂಲಿ ಮೆಟ್ರಿಕ್ (ಮಿಲಿಮೀಟರ್ ಅಳತೆಯ) ಥ್ರೆಡ್ಡಿನಲ್ಲಿ, ಅಂದರೆ ಬೋಲ್ಟಿನ ಸುರುಳಿ ಗೆರೆಗಳಲ್ಲಿ, ಅದು ಕಡಿಮೆಯೆಂದರೆ ಸುಮಾರು 0.03 ಮಿಲಿಮೀಟರ್. ತಲೆಗೂದಲಿಗಿಂತಲೂ ತೆಳು. ನಟ್ಟು ಕೈಯಲ್ಲೇ ಸರಾಗವಾಗಿ ತಿರುಗುವುದು ಈ ಜಾಗದಿಂದಾಗಿ. ಹಳೇ ಗಾಡಿಯ ಸೈಲೆನ್ಸರ್ ಬೋಲ್ಟ್ ಜಪ್ಪಯ್ಯ ಅಂದರೂ ಅಲುಗುವುದಿಲ್ಲ ಅಂದರೆ, ಆ ಜಾಗ ಮುಚ್ಚಿಹೋಗಿದೆ ಎಂದೇ ತಿಳಿಯಬೇಕು. ಅದನ್ನು ಮತ್ತೆ ತೆರೆಯುವುದೇ ನಿಜವಾದ ಕೆಲಸ. ಸ್ಪ್ಯಾನರ್ ಎಳೆಯುವುದು ಕೊನೆಗೆ.

ಮುಚ್ಚಿದ್ದು ಯಾರು ಅಂದರೆ, ತುಕ್ಕು. ಕಬ್ಬಿಣ ತುಕ್ಕಾದಾಗ ಬರೀ ಬಣ್ಣ ಬದಲಾಗುವುದಿಲ್ಲ, ಗಾತ್ರವೂ ಹೆಚ್ಚುತ್ತದೆ. ಒಂದು ಪಾಲು ಕಬ್ಬಿಣದಿಂದ ಎರಡು ಪಾಲಿಗಿಂತ ಜಾಸ್ತಿ ತುಕ್ಕಾಗುತ್ತದೆ. ನೀರಿನಂಶ ಸೇರಿಕೊಂಡ ತುಕ್ಕು ಇನ್ನೂ ಉಬ್ಬುತ್ತದೆ. ಬಯಲಿನಲ್ಲಾದರೆ ಅದು ಹಕ್ಕಳೆಯಾಗಿ ಉದುರಿಹೋಗುತ್ತದೆ. ಥ್ರೆಡ್ಡಿನೊಳಗೆ ಉದುರಲು ಎಲ್ಲಿದೆ ಜಾಗ? ಅಲ್ಲೇ ಒತ್ತಿಕೊಂಡು, ಗಟ್ಟಿಯಾಗಿ, ಎರಡು ಲೋಹಗಳ ನಡುವೆ ಬೆಣೆಯಾಗಿ ಕೂರುತ್ತದೆ.

ಗಾಡಿಯಲ್ಲಿ ಎಷ್ಟೋ ಬೋಲ್ಟುಗಳಿದ್ದರೂ ಸೈಲೆನ್ಸರಿನವೇ ಯಾಕೆ ಇಷ್ಟು ಕಾಡುತ್ತವೆ? ಮೊದಲನೆಯದು ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಸೇರಿ ಆಗುವ ನೀರು ಇದು. ದೂರದ ಓಡಾಟದಲ್ಲಿ ಅದು ಆವಿಯಾಗಿ ಹೊರಗೆ ಹೋಗುತ್ತದೆ. ನಾಲ್ಕು ಹೆಜ್ಜೆ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಕೊಳವೆಯೊಳಗೇ ಹನಿಗಟ್ಟುತ್ತದೆ, ಜಾಯಿಂಟುಗಳಲ್ಲಿ ಜಿನುಗುತ್ತದೆ. ಎರಡನೆಯದು ಬಿಸಿ. ಬೋಲ್ಟಿಗೆ ಹಚ್ಚಿದ ಸತುವಿನ ಲೇಪ ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಜೋರಾಗಿ ಓಡುವ ಎಂಜಿನ್ನಿನ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನಿಂದ ಹೊಗೆ ಹೊರತರುವ ಮೊದಲ ಕೊಳವೆ, ಅದನ್ನೂ ದಾಟಿ ಬಿಸಿಯಾಗುತ್ತದೆ. ಎಣ್ಣೆ, ಗ್ರೀಸ್ ಇದ್ದರೆ ಸುಟ್ಟುಹೋಗುತ್ತವೆ. ಕಾಪಾಡಬೇಕಾದ್ದೆಲ್ಲ ಹೋದ ಮೇಲೆ ಬರೀ ಉಕ್ಕು ಉಳಿಯುತ್ತದೆ. ಕಾದು, ಆರಿ, ನೆನೆದು, ಮತ್ತೆ ಕಾದು ವರ್ಷಗಳೇ ಕಳೆಯುತ್ತವೆ. ಕಡಲ ತೀರದ ಗಾಳಿಯೋ, ಹಿಮ ಕರಗಿಸಲು ರಸ್ತೆಗೆ ಚೆಲ್ಲಿದ ಉಪ್ಪೋ ಸೇರಿದರೆ ಕೇಳುವುದೇ ಬೇಡ.

ಇಂಥ ಬೋಲ್ಟಿಗೆ ಉದ್ದದ ಪೈಪ್ ಸಿಕ್ಕಿಸಿ ಎಳೆಯುವುದು ಬಹಳ ಜನ ಮಾಡುವ ಮೊದಲ ಕೆಲಸ. ನನ್ನ ಪ್ರಕಾರ ಅದು ಕೊನೆಯದಾಗಬೇಕು. ಹೊಸ ಬೋಲ್ಟ್ ಬಿಗಿಯುವಾಗಲೂ ನಾವು ಹಾಕುವ ತಿರುಚು ಬಲದ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಬಿಗಿತಕ್ಕೆ ಹೋಗುತ್ತದೆ. ಉಳಿದದ್ದನ್ನೆಲ್ಲ ತಲೆಯಡಿಯ ಮತ್ತು ಥ್ರೆಡ್ಡಿನ ತಿಕ್ಕಾಟವೇ ತಿನ್ನುತ್ತದೆ. ತುಕ್ಕು ಹಿಡಿದ ಮೇಲೆ ಆ ತಿಕ್ಕಾಟ ಎಷ್ಟೋ ಪಟ್ಟು ಏರಿರುತ್ತದೆ. ಇತ್ತ ಬೋಲ್ಟ್ ಸವೆದಿರುತ್ತದೆ. ತಿರುಚನ್ನು ತಾಳಿಕೊಳ್ಳುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 10 ಮಿಲಿಮೀಟರ್ ಇದ್ದದ್ದು ತುಕ್ಕು ತಿಂದು 8ಕ್ಕೆ ಬಂದರೆ, ಕಣ್ಣಿಗೆ ಅಂಥ ವ್ಯತ್ಯಾಸ ಕಾಣದು. ಆದರೆ ತಡೆಯುವ ಶಕ್ತಿ ಅರ್ಧಕ್ಕೆ ಬಂದಿರುತ್ತದೆ. ಹಿಡಿತ ಏರಿದೆ, ಕತ್ತು ಸೊರಗಿದೆ. ಎಳೆದರೆ ಮುರಿಯುವುದು ಕತ್ತೇ ಅಲ್ವಾ?

ಹಾಗಾಗಿ ಹಿಂದಿನ ದಿನವೇ ಕೆಲಸ ಶುರುವಾಗಬೇಕು. ವೈರ್ ಬ್ರಷ್ಷಿನಿಂದ ಹೊರಗೆ ಕಾಣುವ ಥ್ರೆಡ್ ಉಜ್ಜಿ ಪೆನೆಟ್ರೇಟಿಂಗ್ ಆಯಿಲ್, ಅಂದರೆ ಸಂದಿಗೆ ಇಳಿಯುವ ತೆಳು ಎಣ್ಣೆ, ಬಿಡಬೇಕು. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆಯೇ ತುಕ್ಕಿನ ಸಣ್ಣ ಸಣ್ಣ ಸಂದುಗಳು ಅದನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಎಷ್ಟು ಬೇಗ ಅನ್ನುವುದಕ್ಕೆ ಲೆಕ್ಕವೇ ಇದೆ. ಅಮೆರಿಕದ ರಸಾಯನಶಾಸ್ತ್ರಜ್ಞ ಎಡ್ವರ್ಡ್ ವಾಷ್‌ಬರ್ನ್ 1921ರಲ್ಲಿ ಪ್ರಕಟಿಸಿದ ಸಮೀಕರಣದ ಪ್ರಕಾರ, ದ್ರವ ಇಳಿಯುವ ಆಳ ಸಮಯದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. ಎರಡು ಪಟ್ಟು ಆಳಕ್ಕೆ ನಾಲ್ಕು ಪಟ್ಟು ಹೊತ್ತು. ಉದಾಹರಣೆಗೆ, ಮೊದಲ ಮಿಲಿಮೀಟರಿಗೆ 10 ನಿಮಿಷ ಹಿಡಿಯಿತು ಅಂತಿಟ್ಟುಕೊಳ್ಳಿ. 8 ಮಿಲಿಮೀಟರ್ ದಪ್ಪದ ನಟ್ಟನ್ನು ಒಂದೇ ಕಡೆಯಿಂದ ದಾಟಲು 640 ನಿಮಿಷ ಬೇಕು, ಅಂದರೆ ಹತ್ತು ಗಂಟೆಗೂ ಮೇಲೆ. ಎರಡೂ ಕಡೆಯಿಂದ ಬಿಟ್ಟರೆ ತಲಾ 4 ಮಿಲಿಮೀಟರ್ ಇಳಿದರೆ ಸಾಕು, 160 ನಿಮಿಷಕ್ಕೆ ಮುಗಿಯುತ್ತದೆ. ಎಣ್ಣೆ ಹೊಡೆದು ಐದು ನಿಮಿಷಕ್ಕೇ ಸ್ಪ್ಯಾನರ್ ಹಾಕಿ, "ಈ ಎಣ್ಣೆ ಸುಮ್ನೆ ದಂಡ" ಎನ್ನುವವರು ಈ ಲೆಕ್ಕ ನೋಡಬೇಕು. ಇನ್ನೊಂದು ವಿಷಯ. ಎಲ್ಲರ ಕೈಗೂ ಸಿಗುವ ಡಬ್ಲ್ಯೂಡಿ-40 ಸ್ಪ್ರೇ 1953ರಲ್ಲಿ ಹುಟ್ಟಿದ್ದು ಲೋಹದ ಮೇಲಿನ ನೀರನ್ನು ಓಡಿಸಿ ತುಕ್ಕು ತಡೆಯಲು. ಜಾಮ್ ಬಿಡಿಸುವ ಕೆಲಸಕ್ಕೆಂದೇ ಮಾಡಿದ ತೆಳು ಎಣ್ಣೆಗಳು ಬೇರೆ ಇವೆ.

ಎಣ್ಣೆ ಬಿಡುವಾಗ ಮಧ್ಯೆ ಮಧ್ಯೆ ಬೋಲ್ಟಿನ ತಲೆಗೆ ನೇರವಾಗಿ ಸುತ್ತಿಗೆಯಿಂದ ಬಡಿಯಿರಿ. ತುಕ್ಕು ಒತ್ತಡ ತಾಳುತ್ತದೆ, ಪೆಟ್ಟು ತಾಳುವುದಿಲ್ಲ. ಬಿರುಕು ಬಿಟ್ಟಷ್ಟೂ ಎಣ್ಣೆಗೆ ಹೊಸ ದಾರಿ. ಇಂಪ್ಯಾಕ್ಟ್ ರೆಂಚ್ ಎಂಬ ಯಂತ್ರದ ಸ್ಪ್ಯಾನರ್ ಗೆಲ್ಲುವುದೂ ಇದೇ ಕಾರಣಕ್ಕೆ, ಅದು ಎಳೆಯುವುದಕ್ಕಿಂತ ಹೆಚ್ಚಾಗಿ ಬಡಿಯುತ್ತದೆ.

ಆದರೆ ಒಂದೇ ಉಪಾಯ ಆರಿಸು ಅಂದರೆ ನಾನು ಬೆಂಕಿಯನ್ನೇ ಆರಿಸುತ್ತೇನೆ. ಉಕ್ಕು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ನಟ್ಟು ಬೋಲ್ಟಿಗಿಂತ 300 ಡಿಗ್ರಿ ಜಾಸ್ತಿ ಬಿಸಿಯಾದರೆ ಅದರ 10 ಮಿಲಿಮೀಟರ್ ತೂತು 0.036 ಮಿಲಿಮೀಟರ್ ದೊಡ್ಡದಾಗುತ್ತದೆ. ಮೊದಲಲ್ಲಿ ಹೇಳಿದ 0.03 ನೆನಪಿದೆಯಲ್ಲ? ತುಕ್ಕು ನುಂಗಿದ ಜಾಗವನ್ನು ಬೆಂಕಿ ಹೆಚ್ಚುಕಡಿಮೆ ಅಷ್ಟೇ ಅಳತೆಯಲ್ಲಿ ವಾಪಸ್ ಕೊಡುತ್ತದೆ. ಷರತ್ತು ಒಂದೇ: ನಟ್ಟು ಮಾತ್ರ ಕಾಯಬೇಕು, ಅದೂ ಬೇಗ. ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿದರೆ ಬಿಸಿ ಬೋಲ್ಟಿಗೂ ಹರಿದು, ಎರಡೂ ಒಟ್ಟಿಗೆ ಹಿಗ್ಗಿ, ಜಾಗ ಮೊದಲಿನಷ್ಟೇ ಉಳಿಯುತ್ತದೆ. ಚೂಪಾದ, ಜೋರಾದ ಜ್ವಾಲೆ ಬೇಕು. ವಿದ್ಯುತ್ ಸುರುಳಿಯಿಂದ ಲೋಹವನ್ನು ಕಾಯಿಸುವ ಇಂಡಕ್ಷನ್ ಹೀಟರ್ ಇದ್ದರೆ ಇನ್ನೂ ಒಳ್ಳೆಯದು, ಜ್ವಾಲೆಯೇ ಇರುವುದಿಲ್ಲ. ಮಬ್ಬು ಬೆಳಕಿನಲ್ಲಿ ಉಕ್ಕು ಮಂದ ಕೆಂಪಾಗಿ ಕಾಣತೊಡಗುವುದು 525 ಡಿಗ್ರಿ ಆಸುಪಾಸಿನಲ್ಲಿ. ಅಲ್ಲಿಗೆ ಬಂದರೆ ಸಾಕು.

ಸಿಲಿಂಡರ್ ಹೆಡ್ (ಸೈಲೆನ್ಸರ್ ಕೊಳವೆ ಬಂದು ಸೇರುವ ಎಂಜಿನ್ನಿನ ಮೇಲ್ಭಾಗ) ಅಲ್ಯೂಮಿನಿಯಂನದಾದರೆ ಒಂದು ಅನುಕೂಲ, ಒಂದು ಅಪಾಯ. ಅಲ್ಯೂಮಿನಿಯಂ ಉಕ್ಕಿನ ಹತ್ತಿರಹತ್ತಿರ ಎರಡು ಪಟ್ಟು ಹಿಗ್ಗುತ್ತದೆ, ಅದರೊಳಗೆ ಕೂರಿಸಿದ ಸ್ಟಡ್ಡಿನ (ತಲೆಯಿಲ್ಲದ ಬೋಲ್ಟಿನ) ಸುತ್ತ ಹದವಾಗಿ ಬಿಸಿ ಮಾಡಿದರೂ ಹಿಡಿತ ಸಡಿಲವಾಗುತ್ತದೆ. ಆದರೆ ಅದು ಕರಗುವ ಮೊದಲು ಕೆಂಪಾಗಿ ಎಚ್ಚರಿಸುವುದಿಲ್ಲ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಹೆಡ್ಡಿನ ಮಿಶ್ರಲೋಹ ಅದಕ್ಕೂ ಮೊದಲೇ. ಅಲ್ಲಿ ಟಾರ್ಚ್ (ಜ್ವಾಲೆ ಉಗುಳುವ ಉಪಕರಣ) ಒಂದೇ ಕಡೆ ನಿಲ್ಲಿಸಿ ಹಿಡಿಯಬೇಡಿ.

ಉರಿ ಆರಿಸಿ, ಕೆಂಪು ಹೋಗಿ, ನಟ್ಟು ಇನ್ನೂ ಬಿಸಿ ಇರುವಾಗ ಥ್ರೆಡ್ಡಿನ ಬಾಯಿಗೆ ಮೇಣದ ತುಂಡು ತಾಗಿಸಿ ನೋಡಿ. ಮೇಣ ಕರಗಿ ಹನಿಯಾಗಿ ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಸಂದಿನೊಳಗೆ ಇಳಿದು ಕಾಣೆಯಾಗುತ್ತದೆ. ಹಾಗೆ ಇಳಿಯಿತು ಅಂದರೆ ಜಾಗ ತೆರೆದಿದೆ. ಈಗ ಆರು ಮೂಲೆಯ ಸಾಕೆಟ್ ಹಾಕಿ. ಹನ್ನೆರಡು ಮೂಲೆಯದು ನಟ್ಟಿನ ಮೂಲೆಗಳನ್ನಷ್ಟೇ ಕಚ್ಚಿ ದುಂಡಗೆ ಮಾಡಿಬಿಡುತ್ತದೆ. ಮೊದಲು ಒಂದಿಷ್ಟು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ಕೈಗೆ ಬರುವ ಸುದ್ದಿ ಗಮನಿಸಿ. "ಟಕ್" ಎಂದು ಸದ್ದಾಗಿ ಬಿಟ್ಟರೆ ತುಕ್ಕು ಒಡೆದಿದೆ. ಸದ್ದಿಲ್ಲದೆ ರಬ್ಬರಿನಂತೆ ಮೆತ್ತಗೆ ತಿರುಗಿದರೆ ಕೂಡಲೇ ನಿಲ್ಲಿಸಿ, ತಿರುಚಿಕೊಳ್ಳುತ್ತಿರುವುದು ಬೋಲ್ಟೇ. ಕಾಲು ಸುತ್ತು ಬಿಟ್ಟ ಮೇಲೂ ಒಂದೇ ಸಮ ಬಿಚ್ಚಬೇಡಿ. ಒಡೆದ ತುಕ್ಕಿನ ಪುಡಿ ಮುಂದೆ ಸಿಕ್ಕಿ ಮತ್ತೆ ಜಾಮ್ ಮಾಡುತ್ತದೆ. ಹಿಂದೆ ಮುಂದೆ ಮಾಡುತ್ತಾ, ಎಣ್ಣೆ ಬಿಡುತ್ತಾ ಹೊರತನ್ನಿ. ಆಗಲೂ ನಟ್ಟು ಪೂರ್ತಿ ಆರಿದ ಮೇಲೆಯೇ ಎಣ್ಣೆ.

ಬೆಂಕಿಯ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಎಂದಿಗೂ ಜ್ವಾಲೆ ತೋರಬೇಡಿ. ಕಾದಾಗ ಅದರಿಂದ ಫಾಸ್ಜೀನ್ ಅನಿಲ ಹುಟ್ಟಬಹುದು. ಮೊದಲ ಮಹಾಯುದ್ಧದಲ್ಲಿ ಜನರನ್ನು ಕೊಂದ ವಿಷ ಅದು, ಅಲ್ಪ ಪ್ರಮಾಣವೂ ಶ್ವಾಸಕೋಶ ಕೆಡಿಸುತ್ತದೆ. ಪೆಟ್ರೋಲ್ ಪೈಪು, ವೈರು, ರಬ್ಬರ್ ಬುಷ್ ಹತ್ತಿರವಿದ್ದರೆ ಟಾರ್ಚ್ ಬೇಡವೇ ಬೇಡ. ಕಣ್ಣಿಗೆ ಕನ್ನಡಕ ಇರಲಿ, ಗಾಡಿ ಸ್ಟ್ಯಾಂಡಿನ ಮೇಲಿರಲಿ, ಬರೀ ಜಾಕಿನ ಮೇಲಲ್ಲ.

ಇಷ್ಟಾದರೂ ಮುರಿದರೆ? ತುಂಡು ಸ್ವಲ್ಪ ಹೊರಗೆ ಉಳಿದಿದ್ದರೆ ಅದರ ಮೇಲೆ ಹೊಸ ನಟ್ಟು ಇಟ್ಟು ಒಳಗಿನಿಂದ ವೆಲ್ಡ್ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಹಿಡಿಯಲು ಹೊಸ ತಲೆ ಸಿಗುತ್ತದೆ. ಜೊತೆಗೆ ಕೆಂಪಾದ ಸ್ಟಡ್ಡು ತೂತಿನಲ್ಲಿ ಹಿಗ್ಗಲು ಜಾಗವಿಲ್ಲದೆ ಅಲ್ಲೇ ಅದುಮಿಕೊಳ್ಳುತ್ತದೆ, ಆರುವಾಗ ಮೊದಲಿಗಿಂತ ತುಸು ಕುಗ್ಗಿ ತುಕ್ಕಿನಿಂದ ಬಿಡಿಸಿಕೊಳ್ಳುತ್ತದೆ. ಮುರಿದ ತುಂಡಿಗೆ ತೂತು ಕೊರೆದು ಸಿಕ್ಕಿಸಿ ತಿರುಗಿಸುವ ಸ್ಕ್ರೂ ಎಕ್ಸ್‌ಟ್ರಾಕ್ಟರ್ ಮೇಲೆ ನನಗೆ ನಂಬಿಕೆ ಕಡಿಮೆ. ಬಹಳ ಗಡಸು ಉಕ್ಕಿನದಾದ್ದರಿಂದ ಅದು ಬಾಗದೆ ಮುರಿಯುತ್ತದೆ. ಒಳಗೇ ಮುರಿದರೆ ಮಾಮೂಲಿ ಡ್ರಿಲ್ ಬಿಟ್ಟಿಗೆ ಜಗ್ಗುವುದಿಲ್ಲ.

ಮತ್ತೆ ಜೋಡಿಸುವಾಗ ಹಳೇ ಬೋಲ್ಟ್ ಹಾಕಬೇಡಿ. ಸ್ಟಡ್ಡಿಗೆ ತಾಮ್ರದ ಅಥವಾ ತಾಮ್ರದ ಲೇಪದ ನಟ್ಟು ಒಳ್ಳೆಯದು. ಥ್ರೆಡ್ಡಿಗೆ ತಾಮ್ರ ಅಥವಾ ನಿಕಲ್ ಪುಡಿಯ ಆಂಟಿ-ಸೀಝ್ (ಜಾಮ್ ಆಗದಂತೆ ತಡೆಯುವ) ಪೇಸ್ಟ್ ತೆಳ್ಳಗೆ ಹಚ್ಚಿ. ಅದರ ಎಣ್ಣೆ ಸುಟ್ಟುಹೋದರೂ ಲೋಹದ ಪುಡಿ ಉಳಿದು ಆ ಜಾಗ ಕಾಯುತ್ತದೆ. ಪೇಸ್ಟ್ ಹಚ್ಚಿದ ಥ್ರೆಡ್ ಜಾರುತ್ತದೆ, ಅಷ್ಟೇ ತಿರುಚಿಗೆ ಬಿಗಿತ ಜಾಸ್ತಿಯಾಗುತ್ತದೆ. ಕೈಪಿಡಿಯಲ್ಲಿರುವ ಟಾರ್ಕ್ (ತಿರುಚು ಬಲ) ಒಣ ಥ್ರೆಡ್ಡಿಗೆ ಕೊಟ್ಟದ್ದಾದರೆ ಅದಕ್ಕಿಂತ ತುಸು ಕಡಿಮೆಗೇ ನಿಲ್ಲಿಸಬೇಕು.