ಬೀದಿಯಲ್ಲಿ ಕಳ್ಳತನ, ಮನೆಯಲ್ಲಿ ನಿದ್ದೆಗೇಡು

ದಾವಣಗೆರೆಯ ಯಾವುದೇ ಬಡಾವಣೆಯಲ್ಲಿ ಮನೆ ಕಳ್ಳತನವಾದರೆ ಎರಡು ಬೇಡಿಕೆ ಬರುತ್ತವೆ. ರಾತ್ರಿ ಬೀಟ್ ಹೆಚ್ಚಿಸಿ, ಸಿಸಿಟಿವಿ ಹಾಕಿಸಿ. ಕಳುವಾದ ಮನೆಯವರು, ಅಕ್ಕಪಕ್ಕದವರು ಆಮೇಲೆ ಎಷ್ಟೋ ದಿನ ಸಣ್ಣ ಸದ್ದಿಗೂ ಎದ್ದು ಕೂರುತ್ತಾರಲ್ಲ, ಆ ಮಾತು ಯಾರೂ ಎತ್ತುವುದಿಲ್ಲ.

ಅಪರಾಧಕ್ಕೂ ಮನಸ್ಸಿನ ಆರೋಗ್ಯಕ್ಕೂ ನಂಟು ಹುಡುಕುವ ಕೆಲಸ ಹಳೆಯದು. 1939ರಲ್ಲೇ ಷಿಕಾಗೋದ ಸಮಾಜಶಾಸ್ತ್ರಜ್ಞರಾದ ಫಾರಿಸ್ ಮತ್ತು ಡನ್‌ಹ್ಯಾಮ್ ಮನೋರೋಗಿಗಳು ನಗರದ ಯಾವ ಭಾಗದವರು ಅಂತ ನಕ್ಷೆಯಲ್ಲಿ ಗುರುತಿಸಿದ್ದರು. 1997ರಲ್ಲಿ ಅದೇ ಊರಿನ 343 ನೆರೆಹೊರೆಗಳ ಅಧ್ಯಯನ ಬಂತು. ಒಬ್ಬರನ್ನೊಬ್ಬರು ನಂಬುವ, ಏನಾದರೂ ಆದರೆ ಹೊರಗೆ ಬಂದು ಕೇಳುವ ಜನ ಇರುವ ಕಡೆ ಹಿಂಸೆ ಕಡಿಮೆ ಅಂತ ಅದು ಹೇಳಿತು. 2007ರಲ್ಲಿ ಬ್ರಿಟನ್ನಿನ ಸರ್ಕಾರಿ ನೌಕರರ ಮೇಲಿನ ಅಧ್ಯಯನದಲ್ಲಿ, ಅಪರಾಧದ ಭಯ ಜಾಸ್ತಿ ಇದ್ದವರಿಗೆ ಖಿನ್ನತೆಯ ಸಾಧ್ಯತೆ ಸುಮಾರು ಎರಡು ಪಟ್ಟು ಕಂಡಿತು. ಅವರು ವ್ಯಾಯಾಮ ಮಾಡುವುದೂ ಗೆಳೆಯರನ್ನು ನೋಡುವುದೂ ಕಡಿಮೆ. ಭಯಕ್ಕೆ ಬಾಗಿಲು ಹಾಕುತ್ತೇವೆ, ಬೀದಿ ಖಾಲಿಯಾಗುತ್ತದೆ, ಖಾಲಿ ಬೀದಿ ಕಳ್ಳನಿಗೆ ಅನುಕೂಲ.

ನಮ್ಮೂರಿನಲ್ಲಿ ಬೀದಿ ಖಾಲಿಯಾಗಿದ್ದು ಹೇಗೆ? ಇಲ್ಲಿ ಸ್ವಲ್ಪ ನಿಲ್ಲಬೇಕು. ಹತ್ತಿ ಮಿಲ್ಲುಗಳು ನಡೆಯುತ್ತಿದ್ದ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಪಾಳಿ ಬದಲಾಗುವ ಹೊತ್ತಿಗೆ ಸೈಕಲ್ಲಿನಲ್ಲಿ, ನಡೆದುಕೊಂಡು ಜನ ಹೋಗುತ್ತಿದ್ದರು. ಸರಿರಾತ್ರಿಯಲ್ಲೂ ಯಾರಾದರೂ ಎಚ್ಚರ ಇರುತ್ತಿದ್ದರು. ಒಂದೇ ಮಿಲ್ಲಿನವರು ಒಂದೇ ಸಾಲಿನಲ್ಲಿ ಬಾಡಿಗೆಗಿದ್ದರೆ ಯಾರ ಮನೆಗೆ ಯಾರು ಬಂದರು ಅಂತ ಬೀದಿಗೇ ಗೊತ್ತು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಕೆಲಸದ ಜೊತೆ ಈ ಪರಿಚಯವೂ ಹೋಯಿತು. ಮಂಡಕ್ಕಿ ಭಟ್ಟಿಗಳ ಓಣಿಗಳಲ್ಲಿ ಅದು ಈಗಲೂ ಒಂದಿಷ್ಟು ಉಳಿದಿದೆ. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲಾ ಕೇಂದ್ರವಾದ ಮೇಲೆ ಊರು ಸುತ್ತಲೂ ಬೆಳೆಯಿತು. ಹೊಸ ಬಡಾವಣೆಗಳಲ್ಲಿ ಒಂದು ಮನೆ, ಪಕ್ಕದಲ್ಲಿ ಎರಡು ಖಾಲಿ ಸೈಟು, ಸೈಟಿನ ತುಂಬ ಬಳ್ಳಾರಿ ಜಾಲಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ, ಮಕ್ಕಳು ಬೆಂಗಳೂರಿಗೆ. ಹಗಲೆಲ್ಲ ಬೀಗ. ಇಂಥ ಕಡೆ ಒಂಟಿಯಾಗಿರುವ ವಯಸ್ಸಾದವರ ಭಯವನ್ನು ಸುಮ್ನೆ ಭ್ರಮೆ ಅಂತ ತಳ್ಳಿಹಾಕುವುದು ಅನ್ಯಾಯ.

2016ರಲ್ಲಿ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯಲ್ಲೇ ದಾವಣಗೆರೆ ಇತ್ತು. ಕ್ಯಾಮೆರಾಗಳು ಬಂದವು. ಕ್ಯಾಮೆರಾ ಬೇಡ ಅಂತಲ್ಲ, ಕಳ್ಳ ಸಿಗಲು ಅದು ಬೇಕು. ಆದರೆ ಭಯ, ಖಿನ್ನತೆ ಇಳಿಯಬೇಕಾದರೆ ಬೀದಿಯ ಸ್ಥಿತಿಯೇ ಬದಲಾಗಬೇಕು ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 541 ಖಾಲಿ ಜಾಗಗಳನ್ನು ಆಯ್ದು, ಕೆಲವನ್ನು ಸ್ವಚ್ಛ ಮಾಡಿ ಹುಲ್ಲು, ಗಿಡ ನೆಟ್ಟರು, ಕೆಲವನ್ನು ಹಾಗೇ ಬಿಟ್ಟರು. ಹಸಿರಾದ ಜಾಗದ ಸುತ್ತಮುತ್ತ ಖಿನ್ನರಾಗಿದ್ದೇವೆ ಅನ್ನುವವರ ಪ್ರಮಾಣ, ಹಾಗೇ ಬಿಟ್ಟ ಕಡೆಗೆ ಹೋಲಿಸಿದರೆ, ಶೇ 41ರಷ್ಟು ಇಳಿಯಿತು. ಇದು 2018ರಲ್ಲಿ ಪ್ರಕಟವಾದದ್ದು. ಸೈಟಿನ ಜಾಲಿ ಕಡಿಸುವುದು ಅಷ್ಟೇನೂ ಖರ್ಚಿನ ಕೆಲಸ ಅಲ್ಲ, ಅಲ್ವಾ?

ಚಿಕಿತ್ಸೆಯ ಕಡೆಗೂ ನಮಗೆ ಹತ್ತಿರದ ಇತಿಹಾಸವೇ ಇದೆ. ನಿಮ್ಹಾನ್ಸ್ 1985ರಿಂದ ಪಕ್ಕದ ಬಳ್ಳಾರಿಯಲ್ಲಿ, ಊರಿನ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಸಿಗುವಂತೆ ಮಾಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರಿಂದ ಟೆಲಿ ಮನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಠಾಣೆಯಲ್ಲಿ ಉಚಿತವಾಗಿ ಕೊಡಲೇಬೇಕು. ಆ ಪ್ರತಿಯ ಮೇಲೆ ಈ ನಂಬರಿನ ಒಂದು ಮುದ್ರೆ ಒತ್ತಿ ಕೊಡಲಿ. ನಿದ್ದೆ ಬರದಿದ್ದರೆ ಫೋನ್ ಮಾಡಿ ಅಂತ ಒಂದು ಮಾತು ಬಾಯಲ್ಲೂ ಹೇಳಲಿ.