ಗಲ್ಲದಲ್ಲಿರುವ ಹಣ ಯಾರದ್ದು?

"ಗಲ್ಲದಲ್ಲಿ ಪೈಸೆ ಉಂಟಲ್ಲ ಸರ್, ಮತ್ತೆಂತ ತೊಂದರೆ?"

ಕಾಸರಗೋಡಿನಲ್ಲಿ ಹೋಟೆಲಿನವರ ಲೆಕ್ಕ ನೋಡಲು ಕೂತಾಗಲೆಲ್ಲ ಈ ಮಾತು ಕೇಳುತ್ತೇನೆ. ಗಲ್ಲ ಅಂದರೆ ಹೋಟೆಲಿನ ಹಣದ ಪೆಟ್ಟಿಗೆ. ಹೊಸ ಬ್ರಾಂಚಿಗೆ ಅಡ್ವಾನ್ಸ್ ಕೊಟ್ಟ ಮೇಲೆಯೇ ಹೆಚ್ಚಿನವರು ನನ್ನ ಹತ್ತಿರ ಬರುವುದು. ಒಂದು ವಾರ ಮೊದಲು ಬರಬಾರದಾ ಎಂದು ಪ್ರತಿ ಸಲ ಅನಿಸುತ್ತದೆ.

ಗಿರಾಕಿ ಬನ್ಸ್ ತಿಂದು, ಚಾ ಕುಡಿದು, ಆಗಲೇ ದುಡ್ಡು ಕೊಟ್ಟು ಹೋಗುತ್ತಾನೆ. ಆದರೆ ಆ ಮೈದಾ, ಎಣ್ಣೆ, ಹಾಲು ಬಂದದ್ದು ಸಾಲದಲ್ಲಿ. ಹಾಲಿನವರಿಗೆ ವಾರಕ್ಕೊಮ್ಮೆ ಕೊಡುತ್ತೀರಿ, ಜೀನಸಿನ ಅಂಗಡಿಗೆ ತಿಂಗಳಿಗೊಮ್ಮೆ. ಬಾಡಿಗೆ, ಸಂಬಳ ಆಮೇಲೆ. ಬಿಲ್ಲಿಗೆ ಹಾಕಿದ 5% ಜಿಎಸ್‌ಟಿ, ತಿಂಗಳ ರಿಟರ್ನ್ ಹಾಕುವವರಾದರೆ, ಮುಂದಿನ ತಿಂಗಳ 20ರ ತನಕ ನಿಮ್ಮ ಕೈಯಲ್ಲೇ ಇರುತ್ತದೆ. ಅದು ಸರಕಾರದ ಹಣ.

ಸುಮ್ನೆ ಒಂದು ಲೆಕ್ಕ ಹಾಕೋಣ. ತಿಂಗಳ ನಡುವೆ ಕೈಯಲ್ಲಿ 4 ಲಕ್ಷ ಇದೆ. ಕೊಡಬೇಕಾದದ್ದು ಮೂರೂವರೆ ಲಕ್ಷ. ನಿಮ್ಮದು 50 ಸಾವಿರ ಮಾತ್ರ. ಈಗ ಎರಡನೇ ಹೋಟೆಲ್ ತೆರೆದಿರಿ. ಹೊಸ ಜಾಗದಲ್ಲೂ ಸಾಮಾನು ಸಾಲದಲ್ಲೇ ಬರುತ್ತದೆ. ಕೈಯಲ್ಲಿ 8 ಲಕ್ಷ ಕಾಣುತ್ತದೆ. ಅದರಲ್ಲಿ 7 ಲಕ್ಷ ಬೇರೆಯವರದ್ದು. ಆ 7 ಲಕ್ಷದಿಂದಲೇ ಮೂರನೆಯದಕ್ಕೆ ಅಡ್ವಾನ್ಸ್ ಹೋಗುತ್ತದೆ. ಬ್ರಾಂಚ್ ಹೆಚ್ಚುತ್ತಾ ಇರುವಷ್ಟು ದಿನ ಹೊಸ ಸಾಲ ಹಳೆಯದನ್ನು ತೀರಿಸುತ್ತಾ ಇರುತ್ತದೆ. ನಷ್ಟದಲ್ಲಿದ್ದರೂ ಗಲ್ಲ ತುಂಬಿಯೇ ಇರುತ್ತದೆ. ಒಂದು ಬ್ರಾಂಚ್ ನಿಂತರೆ ಎಲ್ಲರೂ ಒಟ್ಟಿಗೆ ಬಾಕಿ ಕೇಳುತ್ತಾರೆ.

ಇನ್ನೊಂದು ಮಾತು. 2017ರ ನವೆಂಬರ್ 15ರಿಂದ ನಮ್ಮ ಸಾಮಾನ್ಯ ಹೋಟೆಲುಗಳಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ಖರೀದಿಯ ಮೇಲೆ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಿಂದ ಕಳೆಯಲು ಆಗುವುದಿಲ್ಲ. ಹೊಸ ಫ್ರಿಜ್, ಗ್ರೈಂಡರ್ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ. ಅದನ್ನೂ ಬಂಡವಾಳಕ್ಕೆ ಸೇರಿಸಿಕೊಳ್ಳಿ.

ನನಗೆ ತುಂಬ ಬೇಕಾದ ಒಬ್ಬರಿದ್ದಾರೆ. ಅಡುಗೆ ಭಟ್ಟರಾಗಿ ಶುರು ಮಾಡಿದವರು. ಅವರ ಗೋಳಿಬಜೆಗೆ ಸಂಜೆ ನಾಲ್ಕಕ್ಕೇ ಜನ ನಿಲ್ಲುತ್ತಿದ್ದರು. ಐದು ವರ್ಷದಲ್ಲಿ ಕಂಪನಿ ಮಾಡಿ ನಾಲ್ಕು ಹೋಟೆಲ್ ತೆರೆದರು, ಎರಡು ಮಂಗಳೂರಿನಲ್ಲಿ. ಕೇರಳದ ಗಡಿ ದಾಟಿ ಕರ್ನಾಟಕಕ್ಕೆ ಹೋದ ಕಾರಣ ಅಲ್ಲಿಗೆ ಜಿಎಸ್‌ಟಿ ನೋಂದಣಿ ಬೇರೆಯೇ ಮಾಡಿಸಿದೆವು. ಬಾಕಿಗೆ ಬೇರೆ ಬ್ಯಾಂಕ್ ಖಾತೆ ಇಡಿ ಎಂದು ಆಗ ಹೇಳಿದ್ದೆ. "ಮುಂದಿನ ವರ್ಷ ನೋಡುವ ಸರ್" ಎಂದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಕರ್ನಾಟಕ ತಲಪಾಡಿ ಗಡಿಯನ್ನೂ ಮುಚ್ಚಿತು. ಅವರು ಈಚೆ, ಎರಡು ಹೋಟೆಲ್ ಆಚೆ. ಗಲ್ಲ ಖಾಲಿ, ಬಾಕಿ ಪೂರ್ತಿ.

ಕೋವಿಡ್‌ನಿಂದ ಮುಳುಗಿದೆವು ಎಂದು ಅವರ ಮಗ ಹೇಳುತ್ತಾನೆ. ಅದೂ ಕಾರಣ, ಇಲ್ಲ ಎನ್ನುವುದಿಲ್ಲ. ಆದರೆ ಹಿಂದಿನ ಎರಡು ವರ್ಷದ ಲೆಕ್ಕದಲ್ಲೇ ಮೂರು ಹೋಟೆಲ್ ನಷ್ಟದಲ್ಲಿದ್ದವು. ಪುಸ್ತಕ ನನ್ನ ಹತ್ತಿರವೇ ಇದೆ.

ಎಲ್ಲರ ಲೆಕ್ಕವೂ ಒಂದೇ ತರ ಇರುವುದಿಲ್ಲ, ನಿಮ್ಮದನ್ನು ನಿಮ್ಮ ಆಡಿಟರಿಗೆ ತೋರಿಸಿ. ಅಡ್ವಾನ್ಸ್ ಕೊಡುವ ಮೊದಲು, ದಯವಿಟ್ಟು.

ಈಗ ಅವರಿಗೆ ಉಳಿದದ್ದು ಮೊದಲಿನ ಹೋಟೆಲ್ ಒಂದೇ. ಹಾಲಿನವರ ಹಳೆ ಬಾಕಿ ತೀರಿಸಲು ಎರಡು ವರ್ಷ ಹಿಡಿಯಿತು. ಕೊನೆಯ ಕಂತು ಕೊಟ್ಟ ದಿನ ಸಂಜೆ, ಒಂದು ಕಟ್ಟು ಗೋಳಿಬಜೆ ಹಿಡಿದುಕೊಂಡು ನನ್ನ ಆಫೀಸಿಗೆ ಬಂದಿದ್ದರು.